ಒಂದೇ ಪರದೆಯಲ್ಲಿ ಇಡೀ ಚಿತ್ರ

ನನ್ನ ತಮ್ಮ ಸಿನಿಮಾ ಸಂಕಲನಕಾರ. ದುಡಿಯುವ ವಯಸ್ಸನ್ನೆಲ್ಲ ಫಿಲಂ ಕತ್ತರಿಸಿ ಅಂಟಿಸುವ ಕೆಲಸದಲ್ಲಿ ಕಳೆದು, ಕಣ್ಣು ಕೆಡತೊಡಗಿದ ಮೇಲೆ ಗಡಿಯಾಚೆಯ ಹೊಳೆದಂಡೆಯ ಪೆರಿಕಲ್ಲೂರಿಗೆ, ನನ್ನ ಜೊತೆಗೆ ಇರಲು ಬಂದ. ನಾನು ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿ ನಿವೃತ್ತಳಾದವಳು. ಇಂದಿಗೂ ನನ್ನ ದಿನಕ್ಕೆ ವೇಳಾಪಟ್ಟಿಯಿದೆ. ಅವನ ಕಣ್ಣಿಗೆ ಹನಿ ಹಾಕುವುದನ್ನೂ ಅದರಲ್ಲಿ ಸೇರಿಸಿದೆ.

ಅವನಿಗಿದ್ದದ್ದು ಗ್ಲಾಕೋಮ. ಕತ್ತಲು ಅಂಚಿನಿಂದ ಒಳಕ್ಕೆ ಬರುತ್ತದೆ, ಹೋದ ನೋಟ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಲು ನೋಡೋಣ ಎಂದು ಬತ್ತೇರಿ ಪೇಟೆಯ ಕಣ್ಣಿನ ಡಾಕ್ಟರು ಹೇಳಿದ್ದರು. ಒಂದು ಹೊತ್ತೂ ಹನಿ ತಪ್ಪಿಸಲಿಲ್ಲ. ಆದರೂ ಅದು ನಿಲ್ಲಲಿಲ್ಲ.

"ಅಕ್ಕಾ, ನಾನು ಕತ್ತರಿಸಿದ ಮೊದಲನೇ ಚಿತ್ರ ನೋಡಿದ್ದೆಲ್ಲ ತುಂಡು ತುಂಡಾಗೇ," ಎಂದ ಒಂದು ದಿನ. "ಥೇಟರಲ್ಲಿ ಕೂತ್ರೂ ಅಷ್ಟೇ, ಒಂದು ಹೋದ್ಮೇಲೆ ಇನ್ನೊಂದು. ಕಣ್ಣು ಹೋಗೋಕೆ ಮುಂಚೆ ಇಡೀದು ಹೆಂಗದೆ ಅಂತ ಒಂದ್ಸಲ ನೋಡ್ಬೇಕು."

ಕಲ್ಪೆಟ್ಟದಲ್ಲಿ ಅವನ ಕೈಕೆಳಗೆ ಸಂಕಲನ ಕಲಿತ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಳು. ಸಿನಿಮಾ ಕಲಿಯುವವರಿಗಾಗಿ ಅವಳು ಕಂಪ್ಯೂಟರಿನಲ್ಲಿ ಇಡೀ ಚಿತ್ರವನ್ನು ಒಂದೇ ನೋಟಕ್ಕೆ ತೋರಿಸುವ ಒಂದು ಪರದೆ ರೂಪಿಸುತ್ತಿದ್ದಳು. ಒಂದೊಂದು ಶಾಟಿಗೂ, ಅಂದರೆ ಎರಡು ಕತ್ತರಿಗಳ ನಡುವಿನ ತುಂಡಿಗೂ, ಒಂದು ಬಣ್ಣದ ಪಟ್ಟಿ. ಶಾಟ್ ಎಷ್ಟು ಹೊತ್ತು ನಿಲ್ಲುತ್ತದೋ ಪಟ್ಟಿ ಅಷ್ಟು ಉದ್ದ. ಮುಖ ಹತ್ತಿರದಿಂದ ಕಂಡರೆ ಕೆಂಪು, ಸೊಂಟದವರೆಗೆ ಕಂಡರೆ ಹಳದಿ, ದೂರದ ನೋಟಕ್ಕೆ ನೀಲಿ. ತಮ್ಮನ ಚಿತ್ರವನ್ನೂ ಹಾಗೆ ಜೋಡಿಸಲು ಲ್ಯಾಪ್‌ಟಾಪ್ ಹಿಡಿದು ಮನೆಗೇ ಬಂದಳು. ಅವಳ ಪಟ್ಟಿಗಳು ಎಡದಿಂದ ಬಲಕ್ಕೆ ಓಡುತ್ತಿದ್ದವು.

"ಸಿನಿಮಾ ಮಲಗೋದಲ್ಲ ಮೋಳೆ, ನೇತಾಡೋದು," ಎಂದ ತಮ್ಮ, ಅವಳನ್ನು ಮಲಯಾಳಂನಲ್ಲಿ ಮಗಳೇ ಎಂದು ಕರೆದು. ಅವನ ಕಾಲದಲ್ಲಿ ಕತ್ತರಿಸಿದ ಫಿಲಂ ತುಂಡುಗಳನ್ನು ಸಾಲಾಗಿ ಮೊಳೆಗೆ ಸಿಕ್ಕಿಸಿ, ಕೆಳಗಿನ ಬಟ್ಟೆಯ ಬುಟ್ಟಿಗೆ ಇಳಿಬಿಡುತ್ತಿದ್ದರು. ಅವನ ತಲೆಯೊಳಗೆ ಎಲ್ಲ ಚಿತ್ರಗಳೂ ಹಾಗೆಯೇ ತೂಗುತ್ತಿದ್ದವು.

"ಮಾಷೇ, ಲೋಕದಲ್ಲಿ ಎಲ್ಲರೂ ಅಡ್ಡಡ್ಡವೇ ಮಾಡೋದು," ಎಂದಳು. ಮೇಷ್ಟ್ರನ್ನು ಅವಳು ಹಾಗೆ ಕರೆಯುತ್ತಿದ್ದಳು.

"ಅವ್ರು ಯಾರೂ ನನ್ನ ಹತ್ರ ಬೈಸ್ಕೊಂಡಿಲ್ಲ."

ಪಟ್ಟಿಗಳು ಒಂದರ ಕೆಳಗೊಂದು ನೆಟ್ಟಗೆ ಸಾಲುಗಟ್ಟಿ ನಿಂತವು. ಹಿನ್ನೆಲೆ ಬಿಳಿಯಿದ್ದರೆ ಅವನಿಗೆ ಹಳದಿ ಕಾಣುತ್ತಿರಲಿಲ್ಲ, ಅದನ್ನು ಕಪ್ಪು ಮಾಡಿಸಿದೆ. ಪಕ್ಕಕ್ಕೆ ಸೆಕೆಂಡುಗಳ ಅಳತೆ, ಸುತ್ತ ಸಮನಾದ ಅಂಚು, ಮೂಲೆಯಲ್ಲಿ ಬಣ್ಣಗಳ ವಿವರ, ಇವೆಲ್ಲ ನನ್ನವು. "ಸೇತುವೆ ಕಟ್ತಿದೀಯೇನಕ್ಕಾ?" ಎಂದು ತಮಾಷೆ ಮಾಡಿದ. ಮಳೆಗಾಲದಲ್ಲಿ ಶುರುವಾದ ಕೆಲಸ ಮೆಣಸು ಕೊಯ್ಯುವವರೆಗೆ ನಡೆಯಿತು. ಅಷ್ಟರಲ್ಲಿ ಅವನು ಕಾಫಿ ಲೋಟವನ್ನು ಕೈಯಿಂದ ತಡವಿ ಹುಡುಕುವಂತಾಗಿದ್ದ.

ಮುಗಿದ ದಿನ ಚಿತ್ರವಿಡೀ ಒಂದೇ ಪರದೆಯ ಮೇಲೆ ಸಾಲುಸಾಲಾಗಿ ತೂಗುಬಿದ್ದಿತ್ತು. ಸಿನಿಮಾದ ಗೊಡವೆಯೇ ಇಲ್ಲದ ನನಗೂ ಅದರ ಏರಿಳಿತ ಕಂಡಿತು. ಅವನು ಹತ್ತಿರ ಬಾಗಿದ, ಒಂದು ಸಾಲು ಮಾತ್ರ ಕಂಡಿತು. ಹಿಂದೆ ಸರಿದ, ಪಟ್ಟಿಗಳು ಕರಗಿಹೋದವು. ಅವಳು ಎಲ್ಲವನ್ನೂ ಅಂಗೈಯಷ್ಟಕ್ಕೆ ಕುಗ್ಗಿಸಿ ನಡುವೆ ಇಟ್ಟಳು.

"ಈಗ, ಮಾಷೇ?"

"ಕಲಸಿಟ್ಟ ಹಂಗದೆ." ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ. ಅವಳು ಮತ್ತೆ ಏನೋ ಬದಲಿಸಲು ಹೋದಾಗ ಕೈ ತಡೆದ. "ಮದಿ ಮೋಳೆ, ಇಷ್ಟು ಸಾಕು. ನಿನ್ನ ತಪ್ಪೇನಿಲ್ಲ. ಕಲಿಯೋ ಮಕ್ಕಳಿಗೆ ಕೊಡು, ಅವ್ರಿಗೆ ಕಾಣ್ತದೆ."

ಅವಳನ್ನು ಬಸ್ಸಿನವರೆಗೆ ಬಿಟ್ಟುಬಂದೆ.

ಮರುದಿನ ಬೆಳಿಗ್ಗೆ ಹನಿ ಹಾಕಿದ ಮೇಲೆ, "ಅದನ್ನ ತೆಗೆದು ಓದಕ್ಕಾ," ಎಂದ. ಜಗುಲಿಯಲ್ಲಿ ಕೂತು, ಅವಳು ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದ ಪ್ರತಿಯನ್ನು ತೆರೆದೆ. ಮೇಲಿನಿಂದ ಶುರುಮಾಡಿದೆ. "ಕೆಂಪು, ಗಿಡ್ಡ. ಕೆಂಪು, ಗಿಡ್ಡ. ಹಳದಿ, ಮಧ್ಯಮ. ನೀಲಿ, ಉದ್ದ. ಕೆಂಪು..."

"ಹಾಜರಿ ಕರೀಬೇಡ."

"ಮತ್ತೆ ಹೆಂಗೆ ಓದ್ಲಿ?"

"ಬಣ್ಣ ಹೇಳು, ಸುಮ್ನಿರು. ಅದು ಮುಗಿದ ಮೇಲೆ ಮುಂದಿಂದು ಹೇಳು. ಉದ್ದ ಗಿಡ್ಡ ನಂಗೇ ಗೊತ್ತಾಗ್ತದೆ."

ಪಕ್ಕದ ಅಳತೆ ನೋಡಿಕೊಂಡು ಹಾಗೆಯೇ ಮಾಡಿದೆ. ಸುಮ್ಮನಿರುವುದು ನನಗೆ ಒಗ್ಗುವ ಕೆಲಸವಲ್ಲ, ಮತ್ತೆ ಮತ್ತೆ ಅವಸರ ಮಾಡಿದೆ. ಅವನು ಬೆರಳಿನಿಂದ ಕುರ್ಚಿಯ ಕೈ ತಟ್ಟಿ ನನ್ನನ್ನು ಹಿಂದಕ್ಕೆ ಎಳೆಯುತ್ತಿದ್ದ. ಕೆಲವು ಕಡೆ ನಾನು ಹೇಳುವ ಮೊದಲೇ ಅವನ ಬೆರಳು ಮುಂದಿನ ಕತ್ತರಿಯ ಜಾಗವನ್ನು ತಟ್ಟಿರುತ್ತಿತ್ತು. ನಾಲ್ಕನೆಯ ಸಾಲಿನಲ್ಲಿ ಒಂದು ನೀಲಿ ಪಟ್ಟಿ ಪರದೆಯ ಅರ್ಧದವರೆಗೆ ಇಳಿದಿತ್ತು.

"ಇದೇನೋ ಇಷ್ಟುದ್ದ?"

"ಮಗ ಹೋದ ಮನೆ. ತಾಯಿ ಒಬ್ಳೇ ಊಟ ಮಾಡಿ ತಟ್ಟೆ ತೊಳೆದು ಒಳಗೆ ಹೋಗ್ತಾಳೆ. ಆಮೇಲೆ ಖಾಲಿ ಅಂಗಳ. ಕತ್ತರಿಸು ಅಂತ ಎಲ್ರೂ ಅಂದ್ರು, ನಾನು ಮುಟ್ಲಿಲ್ಲ."

"ನೀಲಿ," ಎಂದು ಹೇಳಿ ಬಾಯಿ ಮುಚ್ಚಿದೆ.

ಅವನ ಬೆರಳು ನಿಂತಿತು. ಮುಖ ಹೊಳೆಯ ಕಡೆಗಿತ್ತು. ಅಲ್ಲಿ ಅವನಿಗೆ ಏನು ಕಾಣುತ್ತಿತ್ತೋ ಕೇಳಲಿಲ್ಲ. ಆಚೆ ದಡದಲ್ಲಿ ಯಾರೋ ದೋಣಿಯವನನ್ನು ಕೂಗಿ ಕರೆಯುತ್ತಿದ್ದರು. ಒಲೆಯ ಮೇಲಿಟ್ಟ ಅನ್ನದ ನೆನಪಾಗಿ ಮುಂದಿನ ಬಣ್ಣ ಹೇಳಲು ಉಸಿರೆಳೆದೆ.

"ಇನ್ನೂ ಅದೆ," ಎಂದ.

ಕಾದೆ.