ಇಂದ್ರಮ್ಮನ ಮೊದಲ ಕಂದಾಯ ರಸೀದಿ

ಮಾರೇನಹಳ್ಳಿಯಲ್ಲಿ ನನ್ನದೊಂದು ಪುಟ್ಟ ಅಂಗಡಿ. ಮನೆ ಕಂದಾಯ, ಖಾತೆ, ರೇಷನ್ ಕಾರ್ಡು, ಯಾವ ಫಾರಂ ಆದರೂ ತುಂಬಿಕೊಡುತ್ತೇನೆ. ಜನ ‘ಮಹದೇವ್ ಸಾರ್’ ಅಂತ ಕರೆದು ಕರೆದು ನನ್ನ ತಲೆ ಸ್ವಲ್ಪ ತಿರುಗಿತ್ತು. ಅದನ್ನು ನೆಟ್ಟಗೆ ಮಾಡಿದವರು ಬ್ಯಾಡರಹಳ್ಳಿಯ ಇಂದ್ರಮ್ಮ.

ಇಂದ್ರಮ್ಮ ಗಾರ್ಮೆಂಟ್ಸಿನಲ್ಲಿ ಇಪ್ಪತ್ತೆರಡು ವರ್ಷ ಶರ್ಟಿಗೆ ಕಾಲರ್ ಹೊಲಿದವರು. ಗಂಡ ಬೈರಯ್ಯನವರಿಗೆ ಬಿನ್ನಿಪೇಟೆಯ ಮಿಲ್ಲಿನಲ್ಲಿ ಕೆಲಸವಿತ್ತು, ಹೋಯಿತು, ಮತ್ತೆ ಸಿಗಲಿಲ್ಲ. ಅಡುಗೆ, ಪಾತ್ರೆ, ಮಗಳ ಸ್ಕೂಲು ಎಲ್ಲ ಬೈರಯ್ಯನವರೇ ನೋಡಿಕೊಂಡರು. ಬೀದಿಗೆ ಬರುವಾಗ ಮಾತ್ರ ಇಸ್ತ್ರಿ ಶರ್ಟು ಹಾಕಿಕೊಂಡು, ಯಾರಿಗೂ ಏನೂ ಹೇಳಿಕೊಳ್ಳದೆ ಗಂಭೀರವಾಗಿ ನಡೆಯುತ್ತಿದ್ದರು.

ಆ ಕಾಲದಲ್ಲಿ ಇಂದ್ರಮ್ಮನ ಅತ್ತಿಗೆ ಮುನಿಲಕ್ಷ್ಮಮ್ಮ ಮದುವೆಮನೆಯೊಂದರಲ್ಲಿ ಎಲ್ಲರೆದುರು, “ಇವಳಿಗೆ ಸಾಯೋವರೆಗೂ ಬಾಡಿಗೆ ಮನೇನೇ ಗತಿ” ಅಂದಿದ್ದರಂತೆ. ಆ ಮಾತು ಇಂದ್ರಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಹಟ ಹಿಡಿದು ದುಡಿದು, ಹೋದ ವರ್ಷ ಎರಡು ರೂಮಿನ ಮನೆ ಕೊಂಡೇ ಬಿಟ್ಟರು. ಕ್ರಯಪತ್ರದಲ್ಲಿ ಮೊದಲು ಅವರ ಹೆಸರು, ಆಮೇಲೆ ಗಂಡನದು.

ಮೊದಲ ಕಂದಾಯ ಕಟ್ಟಲು ಇಬ್ಬರೂ ನನ್ನ ಅಂಗಡಿಗೆ ಬಂದರು.

“ಸಾರ್, ಪತ್ರದಲ್ಲಿ ಇರೋ ಹಂಗೇ ಹಾಕಿ. ನನ್ನ ಹೆಸರು ಮೊದಲು,” ಅಂದರು ಇಂದ್ರಮ್ಮ. “ಭಾನುವಾರ ರಸೀದಿನ ದೇವರ ಮುಂದಿಟ್ಟು ನಮ್ಮೋರಿಗೆಲ್ಲ ಊಟ ಹಾಕ್ತಾ ಇದೀವಿ. ಅತ್ತಿಗೇನೂ ಬರ್ತಾರೆ. ಕವರಲ್ಲಿ ಹಾಕಿ ಅಂಟಿಸಿ ಕೊಡಿ, ಅವತ್ತೇ ಬಿಚ್ಚೋದು.”

“ಆಗಲಿ ತಾಯಿ” ಅಂದೆ.

ಬೈರಯ್ಯ ಬೆಂಚಿನ ಮೇಲೆ ಬೀದಿ ನೋಡುತ್ತಾ ಕೂತಿದ್ದರು. ಪಾಪ ಅನ್ನಿಸಿತು. ನನ್ನನ್ನು ಯಾರು ಕೇಳಿದ್ದರು? ಮೂವತ್ತು ವರ್ಷದಿಂದ ಗಂಡ ಹೆಂಡತಿ ಬಂದರೆ ಗಂಡನ ಹೆಸರನ್ನೇ ಮೊದಲು ಬರೆದ ಕೈ ನನ್ನದು. ಫಾರಂನಲ್ಲಿ ‘ಬೈರಯ್ಯ ಮತ್ತು ಇಂದ್ರಮ್ಮ’ ಎಂದು ಟೈಪು ಮಾಡಿದೆ. ಕೈತಪ್ಪಿ ಅಲ್ಲ, ಗೊತ್ತಿದ್ದೇ ಮಾಡಿದೆ. ರಸೀದಿಯೂ ಹಾಗೇ ಬಂತು; ಕವರಿಗೆ ಹಾಕಿ ಅಂಟಿಸಿ ಕೊಟ್ಟೆ. ಒಬ್ಬ ಗಂಡಸಿನ ಮರ್ಯಾದೆ ಉಳಿಸಿದೆ ಎಂದುಕೊಂಡು ಕಾಫಿ ತರಿಸಿ ಕುಡಿದೆ.

ಸೋಮವಾರ ಬೆಳಗ್ಗೆ ಇಂದ್ರಮ್ಮ ಒಬ್ಬರೇ ಬಂದರು. ಕುಂಕುಮ ಹತ್ತಿದ ರಸೀದಿಯನ್ನು ಮೇಜಿನ ಮೇಲಿಟ್ಟರು.

“ಓದಿ ಸಾರ್. ಜೋರಾಗಿ.”

‘ಬೈರಯ್ಯ ಮತ್ತು ಇಂದ್ರಮ್ಮ’ ಎಂದು ಓದಿದೆ.

“ನಿನ್ನೆ ನಮ್ಮತ್ತಿಗೆ ಓದಿದ್ರು. ಓದಿ ನಕ್ಕರು. ‘ನನ್ನ ಮನೆ ನನ್ನ ಮನೆ ಅಂತಿದ್ಯಲ್ಲೇ, ರಸೀದೀಲೂ ನೀನು ಹಿಂದೇನೇ’ ಅಂದ್ರು. ನಮ್ಮ ಯಜಮಾನರು ಸುಮ್ನಿರ್ಲಿಲ್ಲ. ಬಡಿಸ್ತಾ ಇದ್ದೋರು ಸೌಟು ಕೆಳಗಿಟ್ರು. ‘ಈ ಮನೆ ಪೂರ್ತಿ ಅವಳ ದುಡಿಮೆ. ನಾನು ಅವಳ ಅನ್ನ ತಿಂದ್ಕೊಂಡು ಇದ್ದೋನು’ ಅಂದ್ರು. ಮೂವತ್ತು ಜನರ ಮುಂದೆ ಸಾರ್! ಅವರ ಬಾಯಲ್ಲಿ ಆ ಮಾತು ನಾನೇ ಒಂದಿನಾನೂ ಕೇಳಿರ್ಲಿಲ್ಲ.”

ನನಗೆ ನಾಚಿಕೆಯಾಯಿತು. ಯಾರ ಮರ್ಯಾದೆ ಉಳಿಸಲು ಹೋಗಿದ್ದೆನೋ ಅವರೇ ನನ್ನಿಂದಾಗಿ ತಲೆ ತಗ್ಗಿಸಬೇಕಾಯಿತು. ತಿದ್ದುಪಡಿ ಅರ್ಜಿ ನಾನೇ ಹಾಕ್ತೀನಿ, ನಾನೇ ಓಡಾಡ್ತೀನಿ ಎಂದು ತೊದಲಿದೆ. ಇಂದ್ರಮ್ಮ ‘ಹೂಂ, ಮಾಡಿ’ ಎಂದು ರಸೀದಿಯನ್ನು ನನ್ನ ಕಡೆಗೇ ಸರಿಸಿದರು.

“ತಪ್ಪಾಯ್ತಮ್ಮ. ಸಂಜೆ ಮನೆಗೆ ಬಂದು ಯಜಮಾನರ ಹತ್ರಾನೂ ಕ್ಷಮೆ ಕೇಳ್ತೀನಿ.”

ಬಾಗಿಲು ದಾಟುತ್ತಿದ್ದವರು ನಿಂತರು.

“ಬರ್ಬೇಡಿ ಸಾರ್. ನೀವು ಬಂದ್ರೆ, ಪರವಾಗಿಲ್ಲ ಅಂತ ನಿನ್ನೆ ನನಗೆ ಹೇಳಿದಂಗೆ ನಿಮಗೂ ಅವರೇ ಸಮಾಧಾನ ಹೇಳ್ಬೇಕಾಗುತ್ತೆ.”