ಇಂಗ್ಲಿಷ್ ಗದ್ಯವೂ ದೊಡ್ಡತಾಯಮ್ಮನ ಕಾಗದವೂ

ಮನೆಗೆ ಕಾಗದ ಬಂದರೆ ನಾನು ಮೊದಲು ಕಣ್ಣಾಡಿಸುವುದು ಅದರ ಕೊನೆಯ ಸಾಲುಗಳ ಮೇಲೆ. ಎಲ್ಲರೂ ಕ್ಷೇಮವೆಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ಕನ್ನಡಕ ಒರೆಸಿಕೊಂಡು ಮೇಲಿನಿಂದ ಓದಲು ಕೂರುತ್ತೇನೆ. ಇದು ಊಟಕ್ಕೆ ಕುಳಿತವನು ಮಜ್ಜಿಗೆಯಿಂದ ಶುರುಮಾಡಿದ ಹಾಗೆ ಎಂದು ನನ್ನ ಹೆಂಡತಿಯ ಆಕ್ಷೇಪಣೆ. ಈ ವಿಲೋಮ ಪಾರಾಯಣವನ್ನು ನಾನು ಕಲಿತದ್ದು ಇಂಗ್ಲಿಷ್ ಪರೀಕ್ಷೆಯ ದೆಸೆಯಿಂದ ಎಂದರೆ ನೀವೂ ನಗಬಹುದು.

ಆಗ ಯುದ್ಧದ ಕಾಲ. ನಾನು ಅಜ್ಜೀಪುರದ ಶಾಲೆಯಲ್ಲಿ ಹಂಗಾಮಿ ಮೇಷ್ಟ್ರು. ಎಸ್ಸೆಸ್ಸೆಲ್ಸಿಯ ಉಳಿದೆಲ್ಲ ವಿಷಯಗಳೂ ನನ್ನ ಮೇಲೆ ಕೃಪೆ ತೋರಿದ್ದವು. ಇಂಗ್ಲಿಷ್ ಮಾತ್ರ ಎರಡು ಸಲ ಕೈಬಿಟ್ಟಿತ್ತು. ಅದು ಪಾಸಾಗದೆ ಕೆಲಸ ಖಾಯಮಾಗುವಂತಿರಲಿಲ್ಲ. ಕೆಲಸ ಖಾಯಮಾಗದೆ ಅಗರದ ಮಾವನವರು ಮಗಳನ್ನು ಕಳಿಸುವಂತಿರಲಿಲ್ಲ. ನಾವು ಮದರಾಸು ಸರ್ಕಾರದವರು, ಅಗರವೋ ಮೈಸೂರು ಸೀಮೆ. ಹೀಗೆ ಒಂದು ಸರ್ಕಾರದ ಪರೀಕ್ಷೆ ಇನ್ನೊಂದು ಸರ್ಕಾರದಲ್ಲಿದ್ದ ನನ್ನ ಹೆಂಡತಿಯನ್ನು ತಡೆದು ನಿಲ್ಲಿಸಿತ್ತು.

ವ್ಯಾಕರಣವನ್ನು ಹೇಗೋ ಗಟ್ಟಿಮಾಡಿದ್ದೆ. ನನ್ನ ಕಂಟಕವೆಲ್ಲ ಹಿಂದೆಂದೂ ಕಾಣದ ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸುವುದರಲ್ಲಿತ್ತು. ಅರ್ಥವಾಗದ ಪದವೊಂದು ಎದುರಾದರೆ ಅದನ್ನು ದಾಟಿ ಹೋಗುವುದು ನನ್ನ ಪಾಲಿಗೆ ಅಪರಾಧ. ಪ್ರತಿ ಸಂಜೆ ಶಾಲೆಯ ಜಗಲಿಯಲ್ಲಿ ನಿಘಂಟು ಬಿಡಿಸಿಕೊಂಡು ಕೂತು, ಹತ್ತು ಸಾಲು ಮುಗಿಸುವಷ್ಟರಲ್ಲಿ ಮೊದಲನೆಯ ಸಾಲು ಮರೆತಿರುತ್ತಿದ್ದೆ.

ಅಂಥದೊಂದು ಸಂಜೆ ದೊಡ್ಡತಾಯಮ್ಮ ಬಂದರು. ಊರಿನ ಸಣ್ಣ ಬೇಸಾಯದ ಹೆಂಗಸು; ಒಬ್ಬನೇ ಮಗ ಮಾದೇವ ಪಟಾಲಮ್ಮಿಗೆ ಸೇರಿದ್ದ. ಆಕೆಯ ಕೈಯಲ್ಲಿ ಮಿಲಿಟರಿಯ ಮುದ್ರೆಯಿದ್ದ ಇಂಗ್ಲಿಷ್ ಕಾಗದ. ಅಂಚೆಯವನು ಓದಲಾರೆನೆಂದು ಹೇಳಿ ನನ್ನ ಬಳಿಗೆ ಕಳಿಸಿದ್ದನಂತೆ. ನಾನು ಅಭ್ಯಾಸಬಲದಿಂದ ಮೊದಲನೆಯ ಪದಕ್ಕೇ ನಿಘಂಟು ತೆರೆದೆ. ಎರಡನೆಯ ಸಾಲಿನಲ್ಲಿ ಗಾಯವೆಂಬರ್ಥದ ಪದ ಕಂಡಿತು. ಅದಕ್ಕೆ ನಿಘಂಟು ಬೇಕಾಗಿರಲಿಲ್ಲ. ಮುಂದಿನ ಉದ್ದ ಪದದ ಅರ್ಥ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿ ಹಾಳೆ ಮಗುಚತೊಡಗಿದೆ.

ಆಕೆ ಸ್ವಲ್ಪ ಹೊತ್ತು ನನ್ನ ಬೆರಳುಗಳನ್ನೇ ನೋಡಿ ಮೆಲ್ಲಗೆ ಅಂದರು: "ನನ್ ಮಗ ಅವ್ನಾ, ಇಲ್ವಾ? ಅದೊಂದ ಯೋಳಿ ಮೇಷ್ಟ್ರೇ. ಮಿಕ್ಕಿದ್ದ ಆಮ್ಯಾಕೆ ಓದೀರಂತೆ."

ನಿಘಂಟು ಮುಚ್ಚಿದೆ. ಆ ಒಂದು ಪ್ರಶ್ನೆಯನ್ನೇ ಹಿಡಿದು, ತಿಳಿಯದ ಪದಗಳನ್ನೆಲ್ಲ ಹಾರುತ್ತ ಕೆಳಗಿಳಿದೆ. ಆಸ್ಪತ್ರೆ ಸಿಕ್ಕಿತು, ಕಾಲು ಸಿಕ್ಕಿತು, ಕೊನೆಗೆ ಅಪಾಯದಿಂದ ಪಾರಾಗಿದ್ದಾನೆ ಎಂಬ ಮಾತು ಸಿಕ್ಕಿತು. ಅದರ ಕೆಳಗೇ ರಜೆಯ ಸುದ್ದಿ. "ಅವ್ನೆ ಕಣಮ್ಮ, ಊರಿಗೂ ಬತ್ತಾನೆ" ಎಂದೆ, ನನ್ನ ಪುಸ್ತಕದ ಕನ್ನಡವನ್ನೂ ಮರೆತು. ದೊಡ್ಡತಾಯಮ್ಮ ಕಂಬಕ್ಕೊರಗಿ ಕೂತುಬಿಟ್ಟರು. ಒಂದು ಪುಟದಷ್ಟು ಇಂಗ್ಲಿಷನ್ನು ಕೆಲವೇ ನಿಮಿಷಗಳಲ್ಲಿ ಓದಿ ಮುಗಿಸಿದ್ದೇನೆಂಬುದು ನನಗೆ ಹೊಳೆದದ್ದು ಆಕೆ ಕಣ್ಣೊರೆಸಿಕೊಂಡು ಮನೆಗೆ ಹೋದಮೇಲೆ.

ಆ ವರ್ಷ ಕೊಳ್ಳೇಗಾಲದ ಪರೀಕ್ಷೆಯಲ್ಲಿ ನಾನು ಗದ್ಯವನ್ನು ಮುಟ್ಟುವ ಮೊದಲು ಪ್ರಶ್ನೆಗಳನ್ನು ಓದಿದೆ. ಬಿರುಗಾಳಿಗೆ ಸಿಕ್ಕ ಹಡಗಿನ ಕಥೆ. ಹಡಗು ಎಲ್ಲಿಂದ ಹೊರಟಿತು, ಏನನ್ನು ಹೊತ್ತಿತ್ತು, ಗಾಳಿ ಯಾವ ದಿಕ್ಕಿನಿಂದ ಬೀಸಿತು, ಎಲ್ಲವನ್ನೂ ಹುಡುಕಿ ತೆಗೆದು ಗಂಟೆ ಬಾರಿಸುವ ಮೊದಲೇ ಬರೆದು ಮುಗಿಸಿದೆ. ಪಾಸಾದೆ; ಕೆಲಸ ಖಾಯಮಾಯಿತು; ಮಾವನವರು ಮಗಳನ್ನು ಗಾಡಿಯಲ್ಲಿ ತಾವೇ ಕರೆತಂದು ಬಿಟ್ಟುಹೋದರು.

ದೊಡ್ಡತಾಯಮ್ಮನಿಗೆ ಹಡಗಿನ ಕಥೆಯೂ ಸೇರಿದಂತೆ ಎಲ್ಲವನ್ನೂ ಸಂತೋಷದಿಂದ ವರದಿ ಮಾಡಿದೆ. ರಜೆಯ ಮೇಲೆ ಬಂದಿದ್ದ ಮಾದೇವ ಕಾಲು ನೀಡಿಕೊಂಡು ಕೂತು ಕೇಳುತ್ತಿದ್ದ. ತಾಯಿ ಮಾತ್ರ ನನ್ನ ಜಾಣತನದ ಗೊಡವೆಗೇ ಹೋಗದೆ, "ಆ ಅಡಗ್ನೋರು ದಡ ಸೇರ್ಕಂಡ್ರಾ ಮೇಷ್ಟ್ರೇ?" ಎಂದು ಕೇಳಿದರು.

ಪ್ರಶ್ನೆಪತ್ರಿಕೆಯವರು ಅದನ್ನು ಕೇಳಿರಲಿಲ್ಲ. ನಾನೂ ಅದನ್ನು ಓದಿರಲಿಲ್ಲ. ಆಕೆ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಸೇರ್ಕಂಡ್ರು ಕಣಮ್ಮ, ಎಲ್ರೂ" ಎಂದೆ.