ಉಪ್ಪಿಟ್ಟಿನ ಹೊತ್ತಿಗೆ ಹೋದ ಸಂತೆ ಮೈದಾನ

ದೊಡ್ಡಮ್ಮನಿಗೆ ಸಿಟ್ಟು ಬಂದರೆ ಮೊದಲು ಹಣೆ ಬೆವರುತ್ತಿತ್ತು. ಮೂರು ಪಟ್ಟೆ ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು. ಅದನ್ನು ಸೆರಗಿನಿಂದ ಒರೆಸಿಕೊಂಡರೆಂದರೆ ಪುರಸಭೆಯಲ್ಲಿ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಮೈಕು ಮುಂದಿಟ್ಟರೆ ಪಕ್ಕಕ್ಕೆ ತಳ್ಳುತ್ತಿದ್ದರು. ಆ ಗಂಟಲಿಗೆ ಮೈಕು ಬೇಕಿರಲಿಲ್ಲ.

ಅವರು ನಮ್ಮ ವಾರ್ಡಿನ ಸದಸ್ಯೆ, ಎದುರು ಮನೆಯವರು. ಬೀದಿಗೆಲ್ಲ ದೊಡ್ಡಮ್ಮ. ನಾನು ಸ್ಥಳೀಯ ಪತ್ರಿಕೆಗೆ ಪುರಸಭೆಯ ಸಭೆಗಳನ್ನು ವರದಿ ಮಾಡುತ್ತಿದ್ದೆ. ಮೊದಮೊದಲು ಅಲ್ಲಿ ಬಾಯಿ ಮುಚ್ಚಿಕೊಂಡು ಕೂತು, ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದೆ. ಅದು ಅವರ ಮನೆಗೆ ಕೇಳಿಸಿತು. "ಪಾತ್ರೆ ಏನ್ ಮಾಡ್ತಮ್ಮ ನಿಂಗೆ? ಸಿಟ್ಟು ಯಾರ್ ಮ್ಯಾಲೆ ಬಂತೋ ಅವ್ರ್ ಮುಂದೆ ತೋರ್ಸು" ಎಂದರು.

ನಮ್ಮ ಪುರಸಭೆಯಲ್ಲಿ ಒಂದು ಪದ್ಧತಿ. ಅಜೆಂಡಾದಲ್ಲಿ ಇಲ್ಲದ ವಿಷಯಗಳು "ಅಧ್ಯಕ್ಷರ ಅನುಮತಿ ಮೇರೆಗೆ" ಎಂದು ಕೊನೆಯಲ್ಲಿ ಬರುತ್ತವೆ. ಅಷ್ಟು ಹೊತ್ತಿಗೆ ಹೋಟೆಲಿನಿಂದ ಉಪ್ಪಿಟ್ಟು, ಕೇಸರಿಬಾತು ಬಂದಿರುತ್ತದೆ. ಸದಸ್ಯರ ಕಣ್ಣೆಲ್ಲ ಬಾಗಿಲ ಕಡೆ. ಟೇಬಲ್ ಕುಟ್ಟಿದರೆ ವಿಷಯ ಪಾಸು. ಊರು ಹಾಳು ಮಾಡುವುದೆಲ್ಲ ನುಸುಳುವುದು ಆ ಗಳಿಗೆಯಲ್ಲೇ. ಅದಕ್ಕೇ ದೊಡ್ಡಮ್ಮ ಸಭೆ ಮುಗಿಯುವವರೆಗೆ ತಟ್ಟೆ ಮುಟ್ಟುತ್ತಿರಲಿಲ್ಲ.

ಒಂದು ದಿನ ಹಾಗೆ ಸಂತೆ ಮೈದಾನ ಬಂತು. ಹಳ್ಳಿ ಹೆಂಗಸರು ಸೊಪ್ಪು, ತರಕಾರಿ ಮಾರುವ ಜಾಗವನ್ನು ಕಾಂಪ್ಲೆಕ್ಸ್ ಕಟ್ಟಲು ಖಾಸಗಿಯವರಿಗೆ ಗುತ್ತಿಗೆ ಕೊಡುವ ವಿಷಯ. ಅಧ್ಯಕ್ಷರು ದೊಡ್ಡಮ್ಮನ ಪಕ್ಷದವರೇ. ಅವರಿಗಾಗಿ ಮನೆ ಮನೆ ತಿರುಗಿ ವೋಟು ಕೇಳಿದ್ದೂ ಇವರೇ.

"ಪುರಸಭೆಗೆ ಆದಾಯ ಬ್ಯಾಡ್ವೇನಕ್ಕಾ? ಪೌರಕಾರ್ಮಿಕರ ಸಂಬಳಕ್ಕೆ ಎಲ್ಲಿಂದ ತರಾನ?" ಎಂದರು ಅಧ್ಯಕ್ಷರು.

"ಬೇಕು ಕಣಪ್ಪ. ದೊಡ್ಡೋರ ಕಲ್ಯಾಣ ಮಂಟಪಗಳ ಕಂದಾಯ ಮೊದ್ಲು ವಸೂಲಿ ಮಾಡು. ಸೊಪ್ಪಿನ ಪುಟ್ಟಿ ಎತ್ತಿಸಿ ಊರು ಉದ್ಧಾರ ಮಾಡ್ತೀಯೇನ್ಲಾ?"

ಮಾತಿಗೆ ಮಾತು ಬೆಳೆಯಿತು. ಸಕ್ಕರೆ ಕಾಯಿಲೆಯ ಹೆಂಗಸು, ಹಸಿವು ತಾಳದೆ ಮೇಜು ಹಿಡಿದುಕೊಂಡರು. ಅಧ್ಯಕ್ಷರು ತಾವೇ ಎದ್ದು ಬಂದು ತೋಳು ಹಿಡಿದರು. "ಎರಡು ತುತ್ತು ತಿನ್ಕೊಂಡ್ ಬಾರಕ್ಕ. ನೀನ್ ಬರೋಗಂಟ ಇದ್ನ ಮುಟ್ಟಲ್ಲ."

ಉಣ್ಣಲು ಕರೆದವರು ಮೋಸ ಮಾಡುತ್ತಾರೆಂದು ದೊಡ್ಡಮ್ಮನಿಗೆ ಹೊಳೆಯಲೇ ಇಲ್ಲ. ಪಕ್ಕದ ಕೋಣೆಯಲ್ಲಿ ಉಪ್ಪಿಟ್ಟು ಬಾಯಿಗಿಡುವಷ್ಟರಲ್ಲಿ ಟೇಬಲ್ ಕುಟ್ಟಿದ ಸದ್ದು ಕೇಳಿತು. ನಾನು ಎದ್ದು ನಿಂತು "ಇದು ಮೋಸ" ಎಂದು ಕೂಗಿದೆ. ನನ್ನನ್ನು ಹೊರಗೆ ಕಳಿಸಿದರು.

"ತುತ್ತು ಕೊಟ್ಟು ಕತ್ತು ಕುಯ್ದ್ಬುಟ್ರು ಕಣಮ್ಮ" ಎಂದರು ದೊಡ್ಡಮ್ಮ, ಮೆಟ್ಟಿಲ ಮೇಲೆ.

ಪಕ್ಷ ಬಿಟ್ಟರು. ಮಧುಗಿರಿ ಕೋರ್ಟಿಗೆ ಅಲೆದರು. ಸಂತೆಯ ದಿನ, ಚರಂಡಿ ಪಕ್ಕಕ್ಕೆ ತಳ್ಳಿಸಿಕೊಂಡ ಸೊಪ್ಪಿನವರ ಜೊತೆ ಕೂತು, ಆ ದಾರಿಯಲ್ಲಿ ಹೋಗುವ ಸದಸ್ಯರನ್ನೆಲ್ಲ ಹೆಸರು ಹಿಡಿದು ಬೈದರು. ಕಾಂಪ್ಲೆಕ್ಸಿನ ಗೋಡೆ ಏಳುತ್ತಿರುವಾಗಲೇ ತೀರಿಕೊಂಡರು.

ಶ್ರದ್ಧಾಂಜಲಿ ಸಭೆಯಲ್ಲಿ ಅದೇ ಅಧ್ಯಕ್ಷರು ಕಣ್ಣೊರೆಸಿಕೊಂಡರು. ಮಾನಗೆಟ್ಟವರು! ಸಾಲದ್ದಕ್ಕೆ ಕಾಂಪ್ಲೆಕ್ಸಿಗೆ ದೊಡ್ಡಮ್ಮನ ಹೆಸರನ್ನೇ ಇಟ್ಟರು. ಸೊಪ್ಪಿನ ಹೆಂಗಸೊಬ್ಬಳು ಅದರ ಮುಂದೆ ನನ್ನನ್ನು ನಿಲ್ಲಿಸಿ, "ಅದೇನವ್ವ ಬರ್ದವ್ರೆ ಅಲ್ಲಿ?" ಎಂದು ಕೇಳಿದಳು. ಓದಿ ಹೇಳಿದೆ. ಆಕೆ ಮೇಲೆ ನೋಡಿ, "ಅಮ್ಮೋರ್ ಬಾಯಿ ಇಂಗ್ ಮುಚ್ಚಿದ್ರಾ" ಎಂದಳು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಗೋಡೆಯಿಂದ ಅದನ್ನು ಇಳಿಸುವವರೆಗೆ ಅವರು ನನಗೆ ಬರೀ ದೊಡ್ಡಮ್ಮ.